ಅತ್ತೆಯ ಕೈಗೆ ಒಪ್ಪಿದ ರೇಡಿಯೋ

ನಮ್ಮತ್ತೆಗೆ ಕಣ್ಣು ಹೋದ ಮೇಲೆ ಮನೆಗೆ ಬಂದವರೆಲ್ಲ ನನಗೆ ಒಂದೇ ಮಾತು ಹೇಳಿ ಹೋಗುತ್ತಿದ್ದರು: "ಪಾಪ, ಇನ್ಮೇಲೆ ನೀನೇ ಅವ್ರಿಗೆ ಕಣ್ಣು ಕಣಮ್ಮ." ಅದನ್ನು ಅತ್ತೆಯ ಎದುರಿಗೇ ಹೇಳುತ್ತಿದ್ದರು, ಕಣ್ಣಿನ ಜೊತೆಗೆ ಕಿವಿಯೂ ಹೋಗಿದೆಯೇನೋ ಅನ್ನುವ ಹಾಗೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಫಿ ಕೊಟ್ಟು ಕಳಿಸುವಾಗ ಲೋಟವನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದೆ.

ನಮ್ಮದು ದೊಡ್ಡಬಳ್ಳಾಪುರದ ಮಗ್ಗದ ಬೀದಿ. ಮುಂದಿನ ದೊಡ್ಡ ಕೋಣೆಯಲ್ಲಿ ಮಗ್ಗಗಳು, ಹಿಂದೆ ನಾವು. ಅತ್ತೆ ಮದುವೆಯಾಗಿ ಬಂದಾಗಿನಿಂದ ಕಂಡಿಕೆ ಸುತ್ತಿದವರು. ಅಂದರೆ ಸೀರೆಯ ಅಡ್ಡ ಎಳೆಗೆ ಬೇಕಾದ ನೂಲನ್ನು ಸಣ್ಣ ಕಡ್ಡಿಗಳಿಗೆ ಸುತ್ತಿ ಮಗ್ಗಕ್ಕೆ ಕೊಡುವ ಕೆಲಸ. ಎಳೆ ಬೆರಳ ನಡುವೆ ಓಡುತ್ತಿರುವಾಗ ಒಂದು ಗಂಟು, ಒಂದು ಜುಂಗು ಬಂದರೂ ಅವರ ಹೆಬ್ಬೆರಳು ಅದನ್ನು ಕಿತ್ತು ಹಾಕಿಯೇ ಮುಂದೆ ಬಿಡುತ್ತಿತ್ತು. ಕಣ್ಣಿನ ಡಾಕ್ಟರು "ಒತ್ತಡ ಜಾಸ್ತಿಯಾಗಿ ನರ ಹೋಗಿದೆ, ಆಪರೇಷನ್ ಮಾಡಿದ್ರೂ ವಾಪಸ್ ಬರಲ್ಲ" ಎಂದರು. ಆಮೇಲೆ ಕಂಡಿಕೆ ಬಿಟ್ಟರು. ಬಣ್ಣ ಗೊತ್ತಾಗದೆ ಹಸಿರಿನ ಜೊತೆ ನೀಲಿ ಸುತ್ತಿಬಿಟ್ಟಿದ್ದರು ಒಂದು ದಿನ. ಯಾರೂ ಏನೂ ಅನ್ನಲಿಲ್ಲ, ಅವರೇ ಎದ್ದು ಬಂದರು.

ಉಳಿದದ್ದು ರೇಡಿಯೋ. ಹಳೇ ಕಾಲದ್ದು, ಇಟ್ಟಿಗೆಯಷ್ಟು ಭಾರ, ಹಿಂದಿನ ಮುಚ್ಚಳಕ್ಕೆ ಮಗ್ಗದ ಹುರಿ ಕಟ್ಟಿದ್ದು. ಒಂದು ಕಡೆ ಸೌಂಡಿನ ಗುಂಡಿ, ಇನ್ನೊಂದು ಕಡೆ ಸ್ಟೇಷನ್ ತಿರುಗಿಸುವ ಗುಂಡಿ. ಬೆಳಗ್ಗೆ ವಾರ್ತೆ, ಮಧ್ಯಾಹ್ನ ಹಳೇ ಹಾಡು, ಸಂಜೆ ರೈತರ ಮಾತು. ನಮಗೆ ಒಂದು ಗುಂಟೆ ಜಮೀನಿಲ್ಲದಿದ್ದರೂ ಟೊಮೆಟೊ ಎಲೆ ಮುದುಡು ರೋಗಕ್ಕೆ ಏನು ಹೊಡೆಯಬೇಕೆಂದು ಅತ್ತೆಗೆ ಗೊತ್ತಿತ್ತು. ನಾಟಕ ಇದ್ದ ದಿನವಂತೂ ಯಾರೂ ಮಾತಾಡಿಸುವಂತಿಲ್ಲ. ಕಣ್ಣು ಹೋದ ಮೇಲೂ ಆ ಗುಂಡಿಗಳನ್ನು ತಾವೇ ತಿರುಗಿಸುತ್ತಿದ್ದರು. ಇಡೀ ದಿನದಲ್ಲಿ ಯಾರನ್ನೂ ಕೇಳದೆ ಅವರು ಮಾಡುತ್ತಿದ್ದ ಕೆಲಸ ಅದೊಂದೇ.

ಅದೂ ಕೆಟ್ಟುಹೋಯಿತು. ರಿಪೇರಿಯವನು ಬಿಚ್ಚಿ ನೋಡಿ, "ಅಕ್ಕಾ, ಇದರ ಸಾಮಾನು ಈಗ ಬರಲ್ಲ, ಮನೇಲಿ ಶೋಕೇಸಲ್ಲಿಡಿ" ಎಂದ. ಅತ್ತೆ ಅಳಲಿಲ್ಲ, ಗೊಣಗಲಿಲ್ಲ. ಮೂಲೆಯ ಮಂಚದ ಮೇಲೆ ಸುಮ್ಮನೆ ಕೂತುಬಿಟ್ಟರು. ಅವರು ಸುಮ್ಮನೆ ಕೂತಿದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ಅದೇ ಹೊತ್ತಿಗೆ ದೇವನಹಳ್ಳಿಯಿಂದ ನಾದಿನಿ ಫೋನ್ ಮಾಡಿದಳು. ಅವಳ ಗಂಡ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಾರೆ. "ಅಮ್ಮನ್ನ ಕಳ್ಸಿ ಅತ್ತಿಗೆ, ನನ್ ಹತ್ರ ಸ್ವಲ್ಪ ದಿನ ಇರ್ಲಿ" ಎಂದು ಅವಳು ಎಷ್ಟು ಸಲ ಕರೆದಿದ್ದಳೋ, ಅತ್ತೆ ಒಂದು ಸಲವೂ ಹೂಂ ಅಂದಿರಲಿಲ್ಲ. ಈ ಸಲ ಫೋನ್ ಇಟ್ಟ ಮೇಲೆ ನನಗೆ ಹೇಳಿದರು: "ಅಲ್ಲಿ ಹೋಗಿ ಏನ್ ಮಾಡ್ಲಿ ಹೇಳು? ದಸರಾ ಬೊಂಬೆ ಥರ ಕೂರ್ಸಿರ್ತಾಳೆ. ಎತ್ತಿದ್ರೆ ಏಳ್ಬೇಕು, ಇಟ್ರೆ ಕೂರ್ಬೇಕು. ಸಾಯೋವರ್ಗೂ ಇನ್ನೊಬ್ರ ಕೈ ಕಾಯೋ ಬಾಳು ನಂಗ್ಬೇಡ ಕಣೇ."

ಅವತ್ತೇ ನಾನು ಗಟ್ಟಿ ಮಾಡಿಕೊಂಡೆ. ಹೊಸ ರೇಡಿಯೋ ತರಬೇಕು. ಇಲ್ಲೂ ನಡೆಯಬೇಕು, ಚೀಲದಲ್ಲಿಟ್ಟುಕೊಂಡು ದೇವನಹಳ್ಳಿಗೂ ಹೋಗುವಂತಿರಬೇಕು. ಎಲ್ಲಕ್ಕಿಂತ ಮುಖ್ಯ, ಹಾಕುವುದು, ಆರಿಸುವುದು, ತಿರುಗಿಸುವುದು ಪೂರ್ತಿ ಅತ್ತೆಯ ಕೈಯಲ್ಲಿರಬೇಕು.

ನಮ್ಮ ಯಜಮಾನರು ನಕ್ಕರು. "ರೇಡಿಯೋ ಯಾಕೆ? ಫೋನಲ್ಲಿ ಎಲ್ಲಾ ಸ್ಟೇಷನ್ ಬರುತ್ತಲ್ಲ. ಒಂದು ಫೋನ್ ಕೊಡ್ಸಿದ್ರಾಯ್ತು."

"ನಿಮ್ಮಮ್ಮನ ಬೆರಳು ಮುಟ್ಟಿ ನೋಡಿದೀರಾ ಯಾವತ್ತಾದ್ರೂ?" ಅಂದೆ. ಜೀವಮಾನವೆಲ್ಲ ಎಳೆ ಓಡಿ ಓಡಿ ಅವರ ಬೆರಳ ತುದಿ ಸವೆದು ಗಟ್ಟಿಯಾಗಿದೆ. ರೇಷನ್ ಅಂಗಡಿಯ ಮಿಷನ್ನು ಅವರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಫೋನಿನ ಗಾಜೂ ಒಪ್ಪಲಿಲ್ಲ. ಯಜಮಾನರು ತಮ್ಮದನ್ನೇ ಕೊಟ್ಟು ನೋಡಿದರು, ಅತ್ತೆ ಒತ್ತಿದರೆ ಒಂದೋ ಏನೂ ಆಗುತ್ತಿರಲಿಲ್ಲ, ಇಲ್ಲವೇ ಯಾರಿಗೋ ಕರೆ ಹೋಗುತ್ತಿತ್ತು. ಒಂದು ಸಲ ನೂಲಿನ ವ್ಯಾಪಾರಿಗೆ ಹೋಗಿ, ಆತ "ಹೇಳಿ ಗುರುಗಳೇ" ಎನ್ನುತ್ತಿದ್ದಂತೆ ಅತ್ತೆ ಫೋನನ್ನು ಹಾಸಿಗೆಯ ಮೇಲೆ ಎಸೆದರು.

ಪೇಟೆಯ ಅಂಗಡಿಗೆ ಯಜಮಾನರನ್ನೂ ಎಳೆದುಕೊಂಡು ಹೋದೆ. ಅಂಗಡಿಯವನು ಮೊದಲು ಭಕ್ತಿಗೀತೆಯ ಡಬ್ಬಿ ತೋರಿಸಿದ. ವಯಸ್ಸಾದವರಿಗೆ ಅಂದರೆ ಎಲ್ಲರಿಗೂ ಅದೇ ನೆನಪಾಗುತ್ತದೆ. "ನಮ್ಮತ್ತೆಗೆ ದೇವರ ಮೇಲೆ ಭಕ್ತಿ ಇದೆ, ಆದ್ರೆ ಇಡೀ ದಿನ ಅಲ್ಲ" ಅಂದೆ. ಆಮೇಲೆ ದೀಪ ಮಿನುಗುವ ಸ್ಪೀಕರ್ ತಂದ. ಅದರಲ್ಲಿ ಎಫ್‌ಎಂ ಮಾತ್ರ. ಅತ್ತೆಯ ನಾಟಕ, ರೈತರ ಮಾತು ಬರುವುದು ಮೀಡಿಯಂ ವೇವ್‌ನಲ್ಲಿ. ಹೊಸ ಡಬ್ಬಿಗಳಲ್ಲಿ ಅರ್ಧಕ್ಕರ್ಧ ಅದೇ ಇರುವುದಿಲ್ಲವೆಂದು ನನಗೆ ಆಗಲೇ ಗೊತ್ತಾದದ್ದು. ಕೊನೆಗೆ ಎರಡೂ ಇರುವ ಡಿಜಿಟಲ್ ರೇಡಿಯೋ ಒಂದನ್ನು ಗಾಜಿನ ಕಪಾಟಿನಿಂದ ತೆಗೆದ. ಕೈಯಗಲದ್ದು, ಹಗುರ, ನಂಬರ್ ತೋರಿಸುವ ಪರದೆ, ಚಾರ್ಜೂ ಆಗುತ್ತದೆ, ಸೆಲ್ಲೂ ಹಾಕಬಹುದು. "ಒಂದ್ಸಲ ಸ್ಟೇಷನ್ ಸೇವ್ ಮಾಡಿದ್ರೆ ಮುಗೀತಕ್ಕ. ಮುಳ್ಳು ತಿರುಗ್ಸೋ ರಗಳೆನೇ ಇಲ್ಲ. ಒತ್ತಿದ್ರೆ ಬಂತು."

ನಾನು ಸೆರಗು ಎಳೆದು ಕಣ್ಣಿಗೆ ಕಟ್ಟಿಕೊಂಡೆ. ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರಂತೆ. ಯಜಮಾನರು "ಲೇ, ಏನೇ ಇದು, ಮಾನ ಕಳೀತೀಯಾ" ಎಂದು ಪಿಸುಗುಟ್ಟಿದರು. ನಾನು ಕೇರ್ ಮಾಡಲಿಲ್ಲ. ಗುಂಡಿಗಳು ಒಂದೇ ಸಾಲಿನಲ್ಲಿ, ಒಂದೇ ಅಳತೆ, ಹಪ್ಪಳದಷ್ಟು ಮಟ್ಟ. ಯಾವುದು ಯಾವುದೆಂದು ಬೆರಳಿಗೆ ತಿಳಿಯಲಿಲ್ಲ. ಆದರೆ ಆ ಅಂಗಡಿಯಲ್ಲಿ ಇದ್ದದ್ದೇ ಅದು. ಹೇಗಾದರೂ ಗುರುತು ಮಾಡಿಕೊಟ್ಟರಾಯಿತು ಎಂದು ಧೈರ್ಯ ಮಾಡಿ ತಂದೆ.

ಗುರುತಿಗೆ ನನಗೆ ಹೊಳೆದದ್ದು ನೇಕಾರರ ಮನೆಯವರಿಗೆ ಹೊಳೆಯುವುದೇ: ರೇಷ್ಮೆ ಎಳೆ. ನಾಟಕದ ಸ್ಟೇಷನ್ನಿನ ಗುಂಡಿಗೆ ಒಂದು ಗಂಟು ಹಾಕಿದ ಎಳೆ, ಹಾಡಿನದಕ್ಕೆ ಎರಡು ಗಂಟು, ಹಾಕುವ ಗುಂಡಿಗೆ ದಪ್ಪಗೆ ಒಂದು ಕುಚ್ಚು. ಗೋಂದು ಹಚ್ಚಿ, ಮೇಲೆ ಭಾರವಿಟ್ಟು ಒಣಗಿಸಿ ಅತ್ತೆಯ ಕೈಗೆ ಕೊಟ್ಟೆ. ಅವರು ಬೆರಳಾಡಿಸಿ, "ಅರೆ! ಏನ್ ತಲೆ ಓಡ್ಸಿದೀಯೇ" ಅಂದರು. ತಾವೇ ಹಾಕಿದರು, ತಾವೇ ಬದಲಾಯಿಸಿದರು. ನನ್ನ ಜಂಬ ಕೇಳಬೇಡಿ. ಪಕ್ಕದ ಮನೆಯವರನ್ನೂ ಕರೆದು ತೋರಿಸಿದೆ.

ಮಧ್ಯಾಹ್ನ ನಾಟಕ ಬರುತ್ತಿತ್ತು. ನಾನು ಮಗ್ಗದ ಹತ್ತಿರ ಹೋಗಿ ಬರುವಷ್ಟರಲ್ಲಿ ಹಿಂದಿನ ಕೋಣೆಯಿಂದ ಬರೀ ಗರಗರ ಸದ್ದು. ಅತ್ತೆ ರೇಡಿಯೋ ತೊಡೆಯ ಮೇಲಿಟ್ಟುಕೊಂಡು ಎಲ್ಲ ಗುಂಡಿಗಳನ್ನೂ ಒಂದರ ಮೇಲೊಂದು ಒತ್ತುತ್ತಿದ್ದರು. ಒಂದರಲ್ಲೂ ಎಳೆ ಇರಲಿಲ್ಲ. ಅವರ ಮಡಿಲಲ್ಲಿ ರೇಷ್ಮೆಯ ಚಿಕ್ಕ ಉಂಡೆಯೊಂದು ಇತ್ತು, ಕಂಡಿಕೆ ಸುತ್ತುವಾಗ ಕಿತ್ತ ಜುಂಗನ್ನು ಒಟ್ಟು ಮಾಡಿಡುತ್ತಿದ್ದರಲ್ಲ, ಹಾಗೆ.

"ಅತ್ತೆ, ಎಳೆ ಯಾಕ್ ಕಿತ್ರಿ?"

"ನಾನೆಲ್ಲೇ ಕಿತ್ತೆ?" ಅಂದರು. ಕೈ ಮಡಿಲಿಗೆ ಹೋಯಿತು, ಉಂಡೆ ಸಿಕ್ಕಿತು. ಸ್ವಲ್ಪ ಹೊತ್ತು ಅದನ್ನು ಹೊಸಕುತ್ತಾ ಕೂತರು. "ನಾಟಕ ಕೇಳ್ತಿದ್ದೆ ಕಣೇ. ಕೈಗೆ ಗಂಟು ಸಿಕ್ತು. ಕೈ ಕಿತ್ತುಬಿಟ್ಟಿದೆ."

ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಗಂಟು ಸಿಕ್ಕಿದರೆ ಕೀಳದೆ ಬಿಡುವ ಕೈಯೇ ಅಲ್ಲ ಅದು; ಅದಕ್ಕೆ ಗಂಟು ಕಟ್ಟಿ ಗುರುತು ಮಾಡಿಕೊಟ್ಟ ನನ್ನ ಬುದ್ಧಿಗೆ ಏನನ್ನಬೇಕು! ಮತ್ತೆ ಅಂಟಿಸಿದೆ, ಮತ್ತೆ ಕಿತ್ತಿತು ಆ ಕೈ. ಎಳೆ ಬೇಡ, ಅಕ್ಕಿಕಾಳು ಅಂಟಿಸೋಣವೆಂದರೆ "ಅನ್ನದ ಕಾಳನ್ನ ಒತ್ತಿ ಒತ್ತಿ ಪಾಪ ಕಟ್ಕೊಳ್ಲಾ?" ಎಂದರು. ಒತ್ತುವುದರಲ್ಲಿ ಹೆಚ್ಚುಕಡಿಮೆಯಾಗಿ, ಸೇವ್ ಮಾಡಿದ ಸ್ಟೇಷನ್‌ಗಳೆಲ್ಲ ಅಳಿಸಿಹೋಗಿ, ಗುಂಡಿಗೊಂದು ಗರಗರ ತುಂಬಿಕೊಂಡಿತು. ಕೊನೆಗೊಂದು ದಿನ ಅತ್ತೆ ರೇಡಿಯೋವನ್ನು ನನ್ನ ಕಡೆ ಚಾಚಿದರು.

"ತಗೋ. ಇನ್ಮೇಲೆ ನೀನೇ ಹಾಕ್ಕೊಡು. ನಿಂಗೆ ಪುರುಸೊತ್ತಾದಾಗ ಹಾಕು, ಪರ್ವಾಗಿಲ್ಲ."

ಆ 'ಪರ್ವಾಗಿಲ್ಲ' ನನಗೆ ಚುಚ್ಚಿಬಿಟ್ಟಿತು. ಈ ಹೆಂಗಸು ಯಾವುದಕ್ಕೂ ಪರವಾಗಿಲ್ಲ ಅಂದವರಲ್ಲ. ಸಾರಿಗೆ ಉಪ್ಪು ಒಂದು ಕಾಳು ಕಡಿಮೆಯಾದರೂ ಮೂರು ದಿನ ಎತ್ತಿ ಆಡುತ್ತಿದ್ದವರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ಆ ಡಬ್ಬಿಯ ಮೇಲೆ, ಅಂಗಡಿಯವನ ಮೇಲೆ, ಮೂರು ಹೊತ್ತೂ ಕಣ್ಣಿದ್ದವರಿಗೇ ಸಾಮಾನು ಮಾಡುವ ಲೋಕದ ಮೇಲೆ. ಯಜಮಾನರು "ಹೋಗ್ಲಿ ಬಿಡು, ನಾವೇ ಹಾಕ್ಕೊಟ್ರಾಯ್ತಪ್ಪ" ಅಂದರು. "ನೀವ್ ಬಿಡಿ ಬೇಕಾದ್ರೆ. ನಾನ್ ಬಿಡಲ್ಲ" ಅಂದೆ. ಆ ರೇಡಿಯೋ ಯಜಮಾನರ ಪಾಲಾಗಿ ಮಗ್ಗದ ಕೋಣೆಗೆ ಹೋಯಿತು.

ಮಾರನೇ ದಿನ ಪಾತ್ರೆ ಉಜ್ಜುವಾಗ ನನಗೆ ತಿಳಿಯಿತು. ನಾನು ಕಣ್ಣಿಗೆ ಸೆರಗು ಕಟ್ಟಿಕೊಂಡೆ ಸರಿ, ಆದರೆ ಗುಂಡಿ ಮುಟ್ಟಿ ನೋಡಿದ್ದು ನನ್ನ ಬೆರಳು. ಅತ್ತೆಯ ರೇಡಿಯೋವನ್ನು ಅತ್ತೆಯೇ ಆರಿಸಬೇಕಿತ್ತು. ಕೈ ತೊಳೆದು ನೇರ ಮಂಚದ ಹತ್ತಿರ ಹೋದೆ. "ಹೊರಡಿ ಅತ್ತೆ, ಅಂಗಡಿಗೆ ಹೋಗೋಣ."

ಕಣ್ಣು ಹೋದ ಮೇಲೆ ಅವರು ಆಸ್ಪತ್ರೆಗಲ್ಲದೆ ಹೊಸಿಲು ದಾಟಿದವರಲ್ಲ. ಮುಖ ಕೆಂಪಾಯಿತು. "ಊರೋರ್ಗೆಲ್ಲ ಕುರುಡಿ ಮೆರವಣಿಗೆ ಮಾಡ್ತೀಯಾ?"

"ಹೂಂ, ಮಾಡ್ತೀನಿ. ನೋಡೋರ್ ನೋಡ್ಲಿ. ನನ್ನ ನೋಡೋಕೆ ನಮ್ಮೂರಿಗೆ ಯಾರ್ ಬಂದಿದ್ರು? ನೀವೇ ತಾನೇ? ನಿಮ್ ಬದ್ಲು ಬೇರೆ ಯಾರ್ನಾದ್ರೂ ಕಳ್ಸಿದ್ರಾ?"

ಅದು ನಿಜ. ನಮ್ಮ ಕಡೆ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುತ್ತಾರೆ, ನಡೆಸಿ ನೋಡುತ್ತಾರೆ. ನಮ್ಮತ್ತೆ ಚೀಲದಿಂದ ಸಿಕ್ಕಾದ ರೇಷ್ಮೆಯ ಲಡಿ ತೆಗೆದು ನನ್ನ ಕೈಗೆ ಕೊಟ್ಟು, "ಬಿಡಿಸಮ್ಮ" ಅಂದಿದ್ದರು. ನಾನು ಒಂದು ಎಳೆಯೂ ತುಂಡಾಗದಂತೆ ಬಿಡಿಸಿದ ಮೇಲೆಯೇ ಕಾಫಿ ಕುಡಿದದ್ದು.

"ಮನೆಗೆ ಬರೋ ಸೊಸೇನ ಕೈಯಾರೆ ಆರ್ಸ್ಕೊಂಡೋರು, ಒಂದ್ ರೇಡಿಯೋ ಆರ್ಸೋಕಾಗಲ್ವಾ?"

ಅತ್ತೆ "ಆರ್ಸಿದ್ದಕ್ಕೆ ತಾನೇ ಈಗ ಅನುಭವಿಸ್ತಿರೋದು" ಎಂದರು. ಆಮೇಲೆ, "ಮೈಸೂರು ಸಿಲ್ಕ್ ಸೀರೆ ಕೊಡು. ಹೋಗೋದಾದ್ರೆ ನೆಟ್ಟಗೆ ಹೋಗೋಣ."

ಅದೇ ಪೇಟೆಯಲ್ಲಿ ಇನ್ನೊಂದು ದೊಡ್ಡ ಅಂಗಡಿ. ನನ್ನ ತೋಳು ಹಿಡಿದು ನಡೆದರು, ಆದರೆ ಕತ್ತು ಎತ್ತಿಕೊಂಡೇ ನಡೆದರು. ಅಂಗಡಿಯ ಮಾಲೀಕರು ಒಳ್ಳೆಯ ಮನುಷ್ಯರು. ಕುರ್ಚಿ ಹಾಕಿಸಿ, ಫ್ಯಾನ್ ತಿರುಗಿಸಿ, ಇದ್ದಬದ್ದ ರೇಡಿಯೋಗಳನ್ನೆಲ್ಲ ಟೇಬಲ್ಲಿನ ಮೇಲೆ ಜೋಡಿಸಿದರು. ಅತ್ತೆ ಒಂದೊಂದನ್ನೇ ಕೈಗೆತ್ತಿಕೊಂಡರು. ಒಂದನ್ನು ಹಿಡಿದ ಕೂಡಲೇ ಕೆಳಗಿಟ್ಟು, "ಜಾರತ್ತೆ" ಅಂದರು. ಒಂದಕ್ಕೆ ಮೂತಿ ತಿರುಗಿಸಿ, "ಎಲ್ಲಾ ಮಟ್ಟಸ. ಇದ್ರಲ್ಲಿ ಏನ್ ಹುಡುಕ್ಲಿ?" ಇನ್ನೊಂದನ್ನು ಹಾಕಿದ ಕೂಡಲೇ ಒಳಗಿನಿಂದ ಹೆಣ್ಣುದನಿಯೊಂದು ಇಂಗ್ಲಿಷಿನಲ್ಲಿ ಏನೋ ಉಲಿಯಿತು. ಕಣ್ಣು ಕಾಣದವರಿಗೆಂದೇ ಮಾಡಿದ್ದು, ತುಂಬಾ ಅನುಕೂಲ ಎಂದು ಮಾಲೀಕರು ವಿವರಿಸಿದರು. ನನಗೂ ಅದೇ ಸರಿ ಅನಿಸಿತ್ತು.

"ಯಾವಳಪ್ಪ ಇವ್ಳು? ನಾನ್ ಕೇಳ್ದೆ ಮಾತಾಡ್ತಾಳೆ! ಬೇಡ ಬೇಡ. ಮನೇಲಿ ಸೊಸೆ ಒಬ್ಳು ಸಾಕು."

ಮಾಲೀಕರು ಬಿದ್ದು ಬಿದ್ದು ನಕ್ಕರು. ನಾನು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಆಯಿತು, ಇನ್ನೇನೂ ಉಳಿದಿಲ್ಲ ಎನ್ನುವಾಗ ಮಾಲೀಕರು ಒಳಗಿನಿಂದ ಒಂದು ಪೆಟ್ಟಿಗೆ ತಂದರು. ಒಳಗೆಲ್ಲ ಡಿಜಿಟಲ್ಲೇ, ಪರದೆಯೂ ಇತ್ತು. ಆದರೆ ಬಲಪಕ್ಕದಲ್ಲಿ ಅಂಚು ಕಚ್ಚುಕಚ್ಚಾದ ದುಂಡನೆಯ ಗುಂಡಿ, ಕೆಳಗೆ ಸೌಂಡಿಗೆ ಬೇರೆಯದೇ ಚಕ್ರ. ದೊಡ್ಡ ಗುಂಡಿಯನ್ನು ತಿರುಗಿಸಿದರೆ ಟಿಕ್ ಎಂದು ಒಂದು ಹೆಜ್ಜೆ ನಿಲ್ಲುತ್ತದೆ. ಒಂದು ಟಿಕ್ಕಿಗೆ ಸೇವ್ ಮಾಡಿದ ಒಂದು ಸ್ಟೇಷನ್. ಚಾರ್ಜಿಗೆ ಹಾಕುವುದು ಬೇಡವೆಂದರೆ ಮಾಮೂಲಿ ಸೆಲ್. ಅತ್ತೆ ಗುಂಡಿಯನ್ನು ತಿರುಗಿಸಿದರು. ಟಿಕ್. ಹಿಂದಕ್ಕೆ ತಿರುಗಿಸಿದರು. ಟಿಕ್. ಮುಖ ಬದಲಾದದ್ದು ನನಗೆ ಕಂಡಿತು. ಸೆಲ್ಲಿನ ಮುಚ್ಚಳ ತೆಗೆದು ಸ್ಪ್ರಿಂಗನ್ನು ಬೆರಳಿಂದ ಒತ್ತಿ ನೋಡಿದರು, ಕೊನೆಗೆ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೋಡಿದರು.

"ಬಣ್ಣ ಯಾವ್ದು?" ಎಂದು ನನ್ನನ್ನು ಕೇಳಿದರು.

"ಕಪ್ಪು."

"ಥೂ. ಕೆಂಪಿಲ್ವಾ?"

ಇತ್ತು. ಕೆಂಪನ್ನೇ ತಂದೆವು.

ಮನೆಯಲ್ಲಿ ನಾನು ಸ್ಟೇಷನ್‌ಗಳನ್ನು ಸೇವ್ ಮಾಡಿಕೊಟ್ಟು ದೂರ ಸರಿದೆ. ಮೊದಮೊದಲು ನಾಟಕದ ಬದಲು ಷೇರುಪೇಟೆ ಸಿಗುತ್ತಿತ್ತು. ಅತ್ತೆ ಬೈದುಕೊಂಡು ಹಿಂದಕ್ಕೆ ತಿರುಗಿಸುತ್ತಿದ್ದರು. ಓಡಿ ಹೋಗಿ ಸರಿಮಾಡಿಕೊಡೋಣ ಅನಿಸುತ್ತಿತ್ತು. ಸೆರಗನ್ನು ಸೊಂಟಕ್ಕೆ ಬಿಗಿದು ಮಗ್ಗದ ಹತ್ತಿರವೇ ನಿಲ್ಲುತ್ತಿದ್ದೆ. ಬರಬರುತ್ತಾ ಬೈಗುಳ ಕಡಿಮೆಯಾಯಿತು. ಒಂದು ಬೆಳಗ್ಗೆ ಅವರೇ ಹೇಳಿದರು: "ನಿನ್ ನಾದಿನಿಗೆ ಫೋನ್ ಮಾಡು. ಭಾನುವಾರ ಬರ್ತೀವಿ ಅನ್ನು. ಸಂಜೆ ವಾಪಸ್ ಬಂದ್ಬಿಡ್ಬೇಕು ಮತ್ತೆ. ಸೀರೆ ಗೀರೆ ಏನೂ ಇಡ್ಬೇಡ."

ದೇವನಹಳ್ಳಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಊರು ದಾಟುತ್ತಿದ್ದಂತೆ ರೇಡಿಯೋ ಹಾಕಿದರು. ಮಗ್ಗದ ಸದ್ದಿನಲ್ಲಿ ಬಾಳಿದವರ ಕಿವಿ. ನಮಗೆ ಮೆಲ್ಲಗೆ ಅನಿಸುವುದು ಬಸ್ಸಿಗೆಲ್ಲ ಕೇಳಿಸುತ್ತದೆ. ಕಂಡಕ್ಟರ್ "ಅಜ್ಜಿ, ಸೌಂಡ್ ಸ್ವಲ್ಪ ಕಮ್ಮಿ ಮಾಡ್ಕೊಳಿ" ಎಂದ. "ಆಯ್ತಪ್ಪ" ಎಂದು ಅತ್ತೆ ಚಕ್ರವನ್ನು ಹಿಂದಕ್ಕೆ ಸರಿಸಿದರು. ಅವನಿಗೆ ಅವರ ಕಣ್ಣಿನ ವಿಷಯ ಗೊತ್ತೇ ಆಗಲಿಲ್ಲ. ನನಗೆ ಎದ್ದು ನಿಂತು ಇಡೀ ಬಸ್ಸಿಗೆ ಹೇಳಬೇಕು ಅನ್ನುವಷ್ಟು ಖುಷಿಯಾಯಿತು.

ನಾದಿನಿ ಬಾಗಿಲಲ್ಲೇ ತಾಯಿಯನ್ನು ತಬ್ಬಿಕೊಂಡು ಅತ್ತಳು. ಕೈಹಿಡಿದು ಸೋಫಾದಲ್ಲಿ ಕೂರಿಸಿದಳು, ಬೆನ್ನಿಗೆ ದಿಂಬು, ಕಾಲ ಕೆಳಗೆ ಮಣೆ. "ಅಮ್ಮ, ನೀನ್ ಎಲ್ಲೂ ಏಳ್ಬೇಡ. ಏನ್ ಬೇಕಾದ್ರೂ ನನ್ನ ಕೇಳು." ಪ್ರೀತಿಯೇ, ಸುಳ್ಳಲ್ಲ. ಆದರೆ ಅತ್ತೆಯ ದವಡೆ ಬಿಗಿದದ್ದನ್ನು ನಾನು ನೋಡಿದೆ. ಊಟವಾದ ಮೇಲೆ ಚೀಲದಿಂದ ರೇಡಿಯೋ ತೆಗೆದು ಹಾಕಿದರು. ಬರೀ ಗರಗರ. ತಲೆಯ ಮೇಲೆ ವಿಮಾನ ಬೇರೆ. ನಾದಿನಿ ಕೈ ಚಾಚಿದಳು: "ಕೊಡಮ್ಮ, ನಾನ್ ಹಾಕ್ಕೊಡ್ತೀನಿ."

"ಬಿಡೇ," ಅಂದರು ಅತ್ತೆ. "ನಿಮ್ಮನೆ ಟಿವಿ, ಅದೇನೋ ಕರೆಂಟ್ ಹೋದಾಗಿನ ಬ್ಯಾಟರಿ ಪೆಟ್ಟಿಗೆ, ಅದ್ರದ್ದೇ ಗಲಾಟೆ ಇದು. ಕಿಟಕಿ ಎಲ್ಲಿದೆ?"

"ಎಡಗಡೆ. ಇರಮ್ಮ, ನಾನ್ ಕರ್ಕೊಂಡ್..."

ಅತ್ತೆ ಎದ್ದು ನಿಂತಿದ್ದರು. ನಾದಿನಿ ಮುಂದೆ ಬಂದಳು, ನಾನು ಅವಳ ರಟ್ಟೆ ಹಿಡಿದೆ. ರೇಡಿಯೋ ಎದೆಗೆ ಒತ್ತಿಕೊಂಡು, ಇನ್ನೊಂದು ಕೈ ಗೋಡೆಗೆ ಕೊಟ್ಟು, ಆ ಗೊತ್ತಿಲ್ಲದ ಮನೆಯಲ್ಲಿ ಒಂದೊಂದೇ ಹೆಜ್ಜೆ ಇಟ್ಟರು. ಕುರ್ಚಿಯೊಂದು ಮೊಣಕಾಲಿಗೆ ತಗುಲಿತು. ಅದನ್ನು ಬೈದು ಪಕ್ಕಕ್ಕೆ ತಳ್ಳಿದರು. ಗರಗರ ಕಡಿಮೆಯಾದ ಕಡೆಗೇ ಕಿವಿ ಕೊಟ್ಟು ನಡೆದು ಕಿಟಕಿ ಮುಟ್ಟಿದರು. ರೇಡಿಯೋವನ್ನು ಕಟ್ಟೆಯ ಮೇಲಿಟ್ಟು ಮೆಲ್ಲಗೆ ಅಡ್ಡ ತಿರುಗಿಸಿದರು. ದನಿ ತೊಳೆದ ಹಾಗೆ ನಿಚ್ಚಳವಾಯಿತು. ನಾದಿನಿ ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟಳು.

ಸಂಜೆಯಾಯಿತು. "ನಡೀರಿ ಅತ್ತೆ, ಬಸ್ಸಿಗೆ ಹೊತ್ತಾಯ್ತು" ಅಂದೆ.

"ನೀನ್ ಹೋಗು" ಅಂದರು ಕಿಟಕಿಯ ಕಡೆಯಿಂದ.

"ಅಂದ್ರೆ? ಸೀರೆ ಒಂದೂ ತಂದಿಲ್ವಲ್ಲ."

"ಇವ್ಳ ಸೀರೆ ಉಡ್ತೀನಿ. ಮಗಳಲ್ವಾ?"

ನಾದಿನಿ ಬಾಯಿಗೆ ಸೆರಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಇಷ್ಟೆಲ್ಲ ಒದ್ದಾಡಿದ್ದು ಈ ಮಾತಿಗೇ. ಆದರೂ ಇವರನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಬೇಕಲ್ಲ ಅನಿಸಿತು. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತೆ.

"ಮತ್ತೆ ಯಾವಾಗ ಬರ್ಲಿ, ಕರ್ಕೊಂಡ್ ಹೋಗೋಕೆ?"

ಅತ್ತೆ ಒಂದು ಟಿಕ್ ತಿರುಗಿಸಿ, ಕಿವಿ ಹತ್ತಿರ ತಂದರು.

"ನಾನೇ ಹೇಳಿ ಕಳಿಸ್ತೀನಿ, ಹೋಗು. ಮಾತಾಡ್ಸ್ಬೇಡ ಈಗ, ವಾರ್ತೆ ಬರ್ತಿದೆ."